ಫ್ಲೈಓವರ್ ಕೆಳಗೂ ದಾರಿ ತಪ್ಪದ ಪೆಟ್ಟಿಗೆ: ಜಿಪಿಎಸ್ ಜೊತೆ ಜೈರೊ ಜೋಡಿಸುವ ಬಗೆ

ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ಒಂದು ಸಂಜೆ ಕ್ಯಾಬ್‌ನಲ್ಲಿ ಕೂತಿದ್ದೆ. ತಲೆಯ ಮೇಲೆ ಫ್ಲೈಓವರ್, ಅದರ ಮೇಲೆ ಮೆಟ್ರೊ, ಎಲ್ಲಕ್ಕಿಂತ ಕೆಳಗೆ ನಾವು. ಡ್ರೈವರ್ ಫೋನ್ ಕಡೆ ನೋಡಿ, "ಸಾರ್, ಇದು ನಾವು ಮೇಲಿದೀವಿ ಅಂತಿದೆ. ತಾನು ಮೇಲಾ ಕೆಳಗಾ ಅಂತ ಇದಕ್ಕೇ ಗೊತ್ತಿಲ್ಲ, ನಂಗೆ ದಾರಿ ಹೇಳುತ್ತೆ" ಅಂತ ನಕ್ಕರು. ಅಷ್ಟರಲ್ಲಿ ನೀಲಿ ಚುಕ್ಕಿ ಪಕ್ಕದ ಕಟ್ಟಡದೊಳಗೆ ಹೊಕ್ಕು ಇನ್ನೊಂದು ರಸ್ತೆಯಲ್ಲಿ ಎದ್ದಿತು.

ಪಾಪ, ಫೋನ್ ಏನು ಮಾಡೀತು? ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ನೆಲ ಮುಟ್ಟುವ ಹೊತ್ತಿಗೆ ಸಿಗ್ನಲ್ ತೀರಾ ಬಡಕಲಾಗಿರುತ್ತದೆ. ಕಾಂಕ್ರೀಟ್ ಅಡ್ಡ ಬಂದರೆ ನಿಂತೇ ಹೋಗುತ್ತದೆ. ನಿಂತರೂ ಪರವಾಗಿಲ್ಲ, ಗಾಜಿನ ಕಟ್ಟಡಕ್ಕೆ ಬಡಿದು ಸುತ್ತಿ ಬಂದರೆ ಇನ್ನೂ ಕಷ್ಟ. ರಿಸೀವರ್ ದೂರ ಅಳೆಯುವುದು ಸಿಗ್ನಲ್ ಬಂದು ಸೇರಿದ ಸಮಯದಿಂದ. ಒಂದು ನ್ಯಾನೊಸೆಕೆಂಡ್ ತಡವಾದರೆ 30 ಸೆಂಟಿಮೀಟರ್ ತಪ್ಪು. 100 ನ್ಯಾನೊಸೆಕೆಂಡ್ ತಡವಾದರೆ ಆ ಉಪಗ್ರಹದ ಲೆಕ್ಕದಲ್ಲಿ 30 ಮೀಟರ್ ಹೋಯಿತು.

ಇನ್ನೊಂದು ಕಡೆ ಜೈರೊ ಇದೆ. ಗಾಡಿ ಎಷ್ಟು ತಿರುಗಿತು ಅಂತ ಅದು ಹೇಳುತ್ತದೆ. ಚಕ್ರ ಎಷ್ಟು ಉರುಳಿತು ಅಂತ ಗಾಡಿಯೇ ಹೇಳುತ್ತದೆ. ಎರಡಕ್ಕೂ ಆಕಾಶ ಬೇಕಿಲ್ಲ. ಇದು ಹಳೆಯ ಉಪಾಯ. ಹೋಂಡಾ ಕಂಪನಿ 1981ರಲ್ಲೇ ಹೀಲಿಯಂ ಅನಿಲದ ಜೈರೊ ಇಟ್ಟು ಕಾರಿನ ನಕಾಶೆ ಯಂತ್ರ ಮಾಡಿತ್ತು. ನಕಾಶೆ ಎಂದರೆ ಪರದೆಯ ಮುಂದೆ ಇಡುವ ಪಾರದರ್ಶಕ ಹಾಳೆ. ಕ್ಯಾಲಿಫೋರ್ನಿಯಾದ ಇಟ್ಯಾಕ್ 1985ರಲ್ಲಿ ಮಾರಿದ ಯಂತ್ರದಲ್ಲಿ ನಕಾಶೆ ಕ್ಯಾಸೆಟ್ ಟೇಪಿನಲ್ಲಿ ಬರುತ್ತಿತ್ತು. ಎರಡರಲ್ಲೂ ಜಿಪಿಎಸ್ ಇರಲಿಲ್ಲ. ಅವುಗಳ ತೊಂದರೆ ಒಂದೇ: ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ, ತಾನಾಗಿ ಕಳೆಯುವುದಿಲ್ಲ.

ಆದ್ದರಿಂದ ಇಬ್ಬರನ್ನೂ ಜೋಡಿಸಬೇಕು. ಆದರೆ "ಜಿಪಿಎಸ್ ಇದ್ದಾಗ ಜಿಪಿಎಸ್, ಇಲ್ಲದಾಗ ಜೈರೊ" ಅಂತ ಸ್ವಿಚ್ ಹಾಕಿದರೆ ಕೆಲಸ ಆಗುವುದಿಲ್ಲ. ಮನೆಯ ಗೋಡೆ ಗಡಿಯಾರ ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆ ಅಂದುಕೊಳ್ಳಿ. ಅದು ಗೊತ್ತಿದ್ದರೆ ಆ ಗಡಿಯಾರ ನೋಡಿಕೊಂಡೇ ಬಸ್ ಹಿಡಿಯಬಹುದು. ಗೊತ್ತಿಲ್ಲದಿದ್ದರೆ ಕಷ್ಟ. ಜೈರೊ ಕೂಡ ಹಾಗೆಯೇ. ಅದು ಎಷ್ಟು ತಪ್ಪು ಹೇಳುತ್ತದೆ ಎಂದು ಬಯಲಿನಲ್ಲಿ, ಆಕಾಶ ಚೆನ್ನಾಗಿ ಕಾಣುವಾಗಲೇ ಕಲಿತುಕೊಂಡಿರಬೇಕು. ಮುಂದಿನ ಹೆಜ್ಜೆಗಳೆಲ್ಲ ಇದಕ್ಕೇ.

ಹೆಜ್ಜೆ 1: ಸಾಮಾನು

ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ಕೆಲಸ ಮಾತ್ರ, ಕಲಿಕೆ ಬೇಡ ಅನ್ನುವುದಾದರೆ ಇದನ್ನೆಲ್ಲ ಒಳಗೇ ಮಾಡುವ ಮಾಡ್ಯೂಲ್ ಸಿಗುತ್ತವೆ. ಯು-ಬ್ಲಾಕ್ಸ್ ಕಂಪನಿಯ ನಿಯೋ-ಎಂ8ಯು ಅಂಥದ್ದು. ಅದಕ್ಕೆ ಚಕ್ರದ ವೇಗ ಕೂಡ ಬೇಕಿಲ್ಲ. ಸೆಂಟಿಮೀಟರ್ ಲೆಕ್ಕ ಬೇಕಾದವರಿಗೆ ಅವರದ್ದೇ ಜೆಡ್‌ಇಡಿ-ಎಫ್9ಆರ್ ಇದೆ, ಬೆಲೆ ಜಾಸ್ತಿ. ಆದರೆ ಅವುಗಳನ್ನು ಕೊಂಡರೂ ಹೆಜ್ಜೆ 2 ಬಿಡಬೇಡಿ. ಅಡ್ಡಾದಿಡ್ಡಿ ಕೂರಿಸಿದರೆ ಅವೂ ದಾರಿ ತಪ್ಪುತ್ತವೆ.

ಕೈಯಾರೆ ಮಾಡುವವರಿಗೆ ಬೇಕಾದದ್ದು ಇಷ್ಟು: ಒಂದು ಜಿಪಿಎಸ್ ರಿಸೀವರ್, ಒಂದು ಐಎಂಯು (ಜೈರೊ ಮತ್ತು ವೇಗ ಎಷ್ಟು ಬದಲಾಗುತ್ತಿದೆ ಎಂದು ಅಳೆಯುವ ಆಕ್ಸೆಲೆರೋಮೀಟರ್ ಎರಡೂ ಇರುವ ಚಿಪ್), ಕಾರಿನ ಕಂಪ್ಯೂಟರ್ ವೇಗ ಮುಂತಾದವನ್ನು ಹೊರಗೆ ಹೇಳುವ ಒಬಿಡಿ ಸಾಕೆಟ್‌ಗೆ ಚುಚ್ಚುವ ಅಡಾಪ್ಟರ್, ಎಲ್ಲವನ್ನೂ ಬರೆದಿಡಲು ರಾಸ್ಪ್‌ಬೆರಿ ಪೈ ಥರದ ಸಣ್ಣ ಕಂಪ್ಯೂಟರ್.

ರಿಸೀವರ್ ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಸೆಕೆಂಡಿಗೊಮ್ಮೆ ಮಿಡಿಯುವ ಪಿಪಿಎಸ್ ಪಿನ್ ಹೊರಗೆ ತಂದಿದ್ದಾರಾ? ಇಲ್ಲದಿದ್ದರೆ ಬೇಡ. ಎರಡು, ಎಲ್1 ಜೊತೆ ಎಲ್5 ಕೂಡ ಹಿಡಿಯುತ್ತದಾ? ಇವು ಉಪಗ್ರಹಗಳು ಸಿಗ್ನಲ್ ಕಳಿಸುವ ಎರಡು ಬೇರೆ ಬೇರೆ ರೇಡಿಯೊ ಕಂಪನಾಂಕಗಳು. ಎಲ್5 ಸಂಕೇತದ ಮಿಡಿತ ಹತ್ತು ಪಟ್ಟು ಚುರುಕು. ಬಡಿದು ಬಂದ ಸಿಗ್ನಲ್ಲನ್ನು ನೇರ ಸಿಗ್ನಲ್‌ನಿಂದ ಬೇರೆ ಮಾಡುವುದು ಅದರಲ್ಲಿ ಸುಲಭ. ಜಿಪಿಎಸ್ ಥರದ್ದೇ ಭಾರತದ ಉಪಗ್ರಹ ವ್ಯವಸ್ಥೆ, ನಮ್ಮ ನಾವಿಕ್ ಕೂಡ ಶುರುವಿನಿಂದ ಎಲ್5ನಲ್ಲೇ ಇದೆ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಿಂದ ಎಲ್1 ಕೂಡ ಸೇರಿತು. ಉಪಗ್ರಹ ಜಾಸ್ತಿ ಸಿಕ್ಕಷ್ಟೂ ಒಳ್ಳೆಯದೇ. ಆದರೆ ಫ್ಲೈಓವರ್ ಕೆಳಗೆ ಎಷ್ಟು ದೇಶದ ಉಪಗ್ರಹ ಇದ್ದರೇನು, ಚಪ್ಪರದ ಕೆಳಗೆ ಮಳೆ ಬೀಳುವುದಿಲ್ಲವಲ್ಲ.

ಐಎಂಯು ವಿಷಯಕ್ಕೆ ಬಂದರೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಮೊದಲು ಕೈಗೆ ಬರುವುದು ಎಂಪಿಯು-6050. ಕಲಿಯಲು ಸಾಕು. ಆದರೆ ಅದರ ಡೇಟಾಶೀಟ್ ಓದಿ: ಸುಮ್ನೆ ಕೂತಾಗ ಜೈರೊ ಸೆಕೆಂಡಿಗೆ 20 ಡಿಗ್ರಿವರೆಗೆ ತಪ್ಪು ಹೇಳಬಹುದು ಅಂತ ಕಂಪನಿಯವರೇ ಬರೆದಿದ್ದಾರೆ. ಸ್ವಲ್ಪ ಖರ್ಚು ಮಾಡುವುದಾದರೆ ಡ್ರೋನ್‌ಗಳ ನಡುಕ ತಡೆಯಲೆಂದೇ ಮಾಡಿದ ಬಾಷ್ ಬಿಎಂಐ088 ತೆಗೆದುಕೊಳ್ಳಿ.

ದಿಕ್ಸೂಚಿ ಚಿಪ್ ಬೇಡವೇ ಎಂದು ಕೇಳುತ್ತೀರಿ. ಬೇಡ. ಕಾರು ಅಂದರೆ ಕಬ್ಬಿಣದ ಡಬ್ಬ, ಒಳಗೆ ಮೋಟಾರು, ಸ್ಪೀಕರು, ದಪ್ಪ ದಪ್ಪ ತಂತಿ. ಪಕ್ಕದಲ್ಲಿ ಲಾರಿ ನಿಂತರೂ ಉತ್ತರ ಎಲ್ಲಿಗೋ ಹೋಗುತ್ತದೆ.

ಹೆಜ್ಜೆ 2: ಕೂರಿಸುವುದು

ಐಎಂಯುವನ್ನು ಫೋನ್ ಹೋಲ್ಡರ್‌ಗೆ ಸಿಕ್ಕಿಸಬೇಡಿ. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಮೇಲೂ ಬೇಡ, ಅದು ತಾನೇ ಕುಣಿಯುತ್ತದೆ, ಬಿಸಿಲಿಗೆ ಕಾಯುತ್ತದೆ ಬೇರೆ. ಎರಡು ಮುಂದಿನ ಸೀಟುಗಳ ನಡುವೆ, ನೆಲದ ಲೋಹಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ. ಪೆಟ್ಟಿಗೆಯನ್ನು ಕೈಯಿಂದ ಅಲ್ಲಾಡಿಸಿದರೆ ಕಾರೇ ಅಲ್ಲಾಡಬೇಕು, ಅಷ್ಟು ಗಟ್ಟಿ.

ಮಟ್ಟ ನೋಡಿ ಕೂರಿಸಿ. ಪೆಟ್ಟಿಗೆ 10 ಡಿಗ್ರಿ ವಾಲಿದ್ದರೆ ಜೈರೊ ತಿರುವನ್ನು ಒಂದೂವರೆ ಶೇಕಡ ಕಡಿಮೆ ತೋರಿಸುತ್ತದೆ. ಅಂದರೆ 90 ಡಿಗ್ರಿ ತಿರುಗಿದರೆ 88.6 ಅನ್ನುತ್ತದೆ. ಹತ್ತು ತಿರುವಾದ ಮೇಲೆ ನೀವು ಎತ್ತ ಹೋಗುತ್ತಿದ್ದೀರಿ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಆಂಟೆನಾ ಕಾರಿನ ತಲೆಯ ಮೇಲಿರಲಿ. ಎಲ್ಲಿ? ಹಿಂದಿನ ಚಕ್ರಗಳ ಅಚ್ಚಿನ ನೇರಕ್ಕೆ, ಎಡ-ಬಲದ ನಡುವೆ. ಇದಕ್ಕೆ ಕಾರಣ ಇದೆ. ಕಾರು ತಿರುಗುವಾಗ ಪಕ್ಕಕ್ಕೆ ಜಾರದೆ ನೇರ ಮುಂದೆ ಹೋಗುವ ಜಾಗ ಹಿಂದಿನ ಅಚ್ಚು ಮಾತ್ರ. ಮೂತಿ ಪಕ್ಕಕ್ಕೆ ಬೀಸುತ್ತದೆ. ಆಂಟೆನಾ ಅಚ್ಚಿಗಿಂತ 2 ಮೀಟರ್ ಮುಂದಿದ್ದು, ಕಾರು ಸೆಕೆಂಡಿಗೆ 20 ಡಿಗ್ರಿ ತಿರುಗುತ್ತಿದ್ದರೆ, ಆಂಟೆನಾ ಸೆಕೆಂಡಿಗೆ 70 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತಿರುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಇದು ದಿಕ್ಕಿನಲ್ಲಿ 8 ಡಿಗ್ರಿ ತಪ್ಪಾಗಿ ಕಾಣುತ್ತದೆ. ಲೆಕ್ಕದಲ್ಲಿ ಸರಿಪಡಿಸಬಹುದು, ನಿಜ. ಆದರೆ ಅಯಸ್ಕಾಂತದ ಆಂಟೆನಾವನ್ನು ಒಂದು ಮೊಳ ಹಿಂದೆ ಸರಿಸುವುದು ಲೆಕ್ಕಕ್ಕಿಂತ ಸುಲಭ ಅಲ್ವಾ?

ಹೆಜ್ಜೆ 3: ನಿಂತಲ್ಲೇ ಅಳೆಯಿರಿ

ಜಿಪಿಎಸ್, ಜೈರೊ, ಚಕ್ರ ಹೇಳಿದ್ದನ್ನೆಲ್ಲ ಕೂಡಿಸಿ ಒಂದೇ ಜಾಗ ಹೇಳುವ ಪ್ರೋಗ್ರಾಂಗೆ ಫಿಲ್ಟರ್ ಅನ್ನುತ್ತಾರೆ. ಮೊದಲ ವಾರ ಅದನ್ನು ಬರೆಯಲೇಬೇಡಿ. ಬರೀ ದಾಖಲೆ ಮಾಡಿ.

ಪೆಟ್ಟಿಗೆಯನ್ನು ಮೇಜಿನ ಮೇಲೆ ಎರಡು ಗಂಟೆ ಬಿಡಿ, ಸೆಕೆಂಡಿಗೆ 100 ಸಲ ಓದಿ ಬರೆದಿಡಲಿ, ಜೊತೆಗೆ ಚಿಪ್‌ನ ಉಷ್ಣತೆಯೂ ಇರಲಿ. ಅಲುಗದೆ ಕೂತ ಜೈರೊ ಸೊನ್ನೆ ಹೇಳಬೇಕಿತ್ತು, ಹೇಳುವುದಿಲ್ಲ. ಸರಾಸರಿ ಸೆಕೆಂಡಿಗೆ 0.8 ಡಿಗ್ರಿ ಅಂತ ಬಂತು ಅನ್ನಿ. ಇದಕ್ಕೆ ಬಯಾಸ್ ಅನ್ನುತ್ತಾರೆ. ಇದು ಕಳೆದುಬಿಡುವ ಸಂಖ್ಯೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಅದು ಎಷ್ಟು ಬದಲಾಗುತ್ತದೆ ಎಂಬುದಕ್ಕೆ. ಚಿಪ್ ಬಿಸಿಯಾಗುತ್ತಿದ್ದಂತೆ ಅದು ಸರಿಯುವುದು ಗ್ರಾಫ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಈ ಎರಡು ಗಂಟೆಯ ಗ್ರಾಫ್ ಎತ್ತಿಟ್ಟುಕೊಳ್ಳಿ, ಹೆಜ್ಜೆ 5ರಲ್ಲಿ ಬೇಕು.

ಇನ್ನೊಂದು ಪರೀಕ್ಷೆ, ಇದು ನನಗೆ ತುಂಬಾ ಇಷ್ಟ. ಪೆಟ್ಟಿಗೆಯ ಒಂದು ಅಂಚನ್ನು ಮೇಜಿನ ಅಂಚಿಗೆ ತಾಗಿಸಿ ಇಡಿ. ಮೆಲ್ಲಗೆ ಹತ್ತು ಸುತ್ತು ತಿರುಗಿಸಿ ಮತ್ತೆ ಅದೇ ಅಂಚಿಗೆ ತಾಗಿಸಿ. ಬಯಾಸ್ ಕಳೆದು ಕೂಡಿದರೆ 3600 ಬರಬೇಕು. 3636 ಬಂದರೆ ನಿಮ್ಮ ಜೈರೊ ಒಂದು ಶೇಕಡ ಉತ್ಪ್ರೇಕ್ಷೆ ಮಾಡುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ನೋಡಿ. ಐದು ನಿಮಿಷದ ಕೆಲಸ, ಖರ್ಚಿಲ್ಲ.

ಆಕ್ಸೆಲೆರೋಮೀಟರ್‌ನ ಮಿತಿಯನ್ನು 2 ಜಿಗೆ ಇಡಬೇಡಿ, ಕನಿಷ್ಠ 4 ಜಿ ಇರಲಿ. ಒಂದು ಜಿ ಅಂದರೆ ಭೂಮಿಯ ಗುರುತ್ವದಷ್ಟು ತಳ್ಳು. ನಮ್ಮ ಹಂಪ್‌ಗಳೂ ಗುಂಡಿಗಳೂ 2 ಜಿಯನ್ನು ಸುಲಭವಾಗಿ ದಾಟುತ್ತವೆ. ದಾಟಿದಾಗ ಚಿಪ್ ತುದಿಯನ್ನು ಕತ್ತರಿಸಿ ಕೊಡುತ್ತದೆ, ಕತ್ತರಿಸಿದ್ದೇನೆ ಅಂತ ಹೇಳುವುದೂ ಇಲ್ಲ.

ಹೆಜ್ಜೆ 4: ಎಲ್ಲರಿಗೂ ಒಂದೇ ಗಡಿಯಾರ

ಈ ಹೆಜ್ಜೆಯನ್ನು ಬಿಟ್ಟವರು ಆಮೇಲೆ ಒಂದು ತಿಂಗಳು ಫಿಲ್ಟರ್‌ನಲ್ಲಿ ತಪ್ಪು ಹುಡುಕುತ್ತಾರೆ. ನಾನೂ ಹುಡುಕಿದ್ದೇನೆ.

ರಿಸೀವರ್ ಜಾಗ ಲೆಕ್ಕ ಹಾಕಿ, ಸಂದೇಶ ಕಟ್ಟಿ, ಸೀರಿಯಲ್ ತಂತಿಯಲ್ಲಿ ಕಳಿಸುವಷ್ಟರಲ್ಲಿ 100 ಮಿಲಿಸೆಕೆಂಡ್ ಆಚೀಚೆ ಕಳೆದಿರುತ್ತದೆ. ಗಂಟೆಗೆ 72 ಕಿಲೋಮೀಟರ್‌ನಲ್ಲಿ ಓಡುವ ಕಾರು ಅಷ್ಟರಲ್ಲಿ 2 ಮೀಟರ್ ಮುಂದೆ ಹೋಗಿರುತ್ತದೆ. ಸಂದೇಶ ಬಂದ ಸಮಯವನ್ನೇ ಜಾಗದ ಸಮಯ ಅಂದುಕೊಂಡರೆ ಕಾರು ಯಾವಾಗಲೂ 2 ಮೀಟರ್ ಹಿಂದೆ. ತಿರುವಿನಲ್ಲಿ ಇನ್ನೂ ಕೆಟ್ಟದು: ದಿಕ್ಕು ತಪ್ಪಾಗಿ ಕಾಣುತ್ತದೆ, ಫಿಲ್ಟರ್ ಅದನ್ನು ಜೈರೊದ ಬಯಾಸ್ ಅಂತ ಅಪಾರ್ಥ ಮಾಡಿಕೊಳ್ಳುತ್ತದೆ.

ಪರಿಹಾರ ಪಿಪಿಎಸ್ ಪಿನ್. ಪ್ರತಿ ಸೆಕೆಂಡಿನ ಶುರುವಿನಲ್ಲಿ ಅದು ಒಂದು ಸಲ ಮಿಡಿಯುತ್ತದೆ. ಆ ಕ್ಷಣ ನಿಮ್ಮ ಕಂಪ್ಯೂಟರ್ ಗಡಿಯಾರದಲ್ಲಿ ಎಷ್ಟಿತ್ತು ಅಂತ ಬರೆದಿಡಿ. ಜಾಗದ ಸಂದೇಶದೊಳಗೆ ಅದು ಯಾವ ಕ್ಷಣದ್ದು ಅಂತ ಇರುತ್ತದೆ. ಎರಡನ್ನೂ ಹೊಂದಿಸಿದರೆ ಮುಗಿಯಿತು. ಐಎಂಯು ಓದಿಗೂ ಅದೇ ಕಂಪ್ಯೂಟರ್ ಗಡಿಯಾರದ ಮುದ್ರೆ ಹಾಕಿ.

ಒಬಿಡಿ ವೇಗಕ್ಕೆ ಈ ಭಾಗ್ಯ ಇಲ್ಲ. ಬ್ಲೂಟೂತ್ ಅಡಾಪ್ಟರ್ ಕೇಳಿದಾಗ ಕೊಡುತ್ತದೆ, ಅದೂ ತಡವಾಗಿ. ಒಂದು ಸುಲಭ ದಾರಿ ಇದೆ. ಬಯಲಿನ ರಸ್ತೆಯಲ್ಲಿ ನಾಲ್ಕೈದು ಸಲ ಜೋರಾಗಿ ಹೊರಟು ನಿಲ್ಲಿಸಿ. ಒಬಿಡಿ ವೇಗದ ಗ್ರಾಫನ್ನು ಜಿಪಿಎಸ್ ವೇಗದ ಗ್ರಾಫ್ ಮೇಲಿಟ್ಟು ಎಷ್ಟು ಸರಿಸಿದರೆ ಕೂಡುತ್ತದೆ ನೋಡಿ. ಅದೇ ನಿಮ್ಮ ತಡ. ಗಾಡಿ ಬೇರೆಯವರು ಓಡಿಸಲಿ, ನೀವು ಲ್ಯಾಪ್‌ಟಾಪ್ ನೋಡಿ. ಇನ್ನೊಂದು ಮಾತು: ಒಬಿಡಿಯಿಂದ ಓದಿ ಅಷ್ಟೇ, ಏನನ್ನೂ ಬರೆಯಲು ಹೋಗಬೇಡಿ. ಬ್ರೇಕಿನ ತಂತಿಗಳನ್ನಂತೂ ಮುಟ್ಟಲೇಬೇಡಿ.

ಹೆಜ್ಜೆ 5: ಸಣ್ಣ ಫಿಲ್ಟರ್‌ನಿಂದ ಶುರು

ಪುಸ್ತಕ ತೆರೆದರೆ 15 ಸಂಖ್ಯೆಗಳ ಫಿಲ್ಟರ್ ಕಾಣುತ್ತದೆ: ಜಾಗಕ್ಕೆ ಮೂರು, ವೇಗಕ್ಕೆ ಮೂರು, ವಾಲಿಕೆ-ದಿಕ್ಕಿಗೆ ಮೂರು, ಜೈರೊ ಬಯಾಸ್ ಮೂರು, ಆಕ್ಸೆಲೆರೋಮೀಟರ್ ಬಯಾಸ್ ಮೂರು. ಚೆನ್ನಾಗಿದೆ, ಆದರೆ ಕಾರಿಗೆ ಅಲ್ಲಿಂದ ಶುರು ಮಾಡಬೇಡಿ. ಯಾಕೆ ಅಂತ ಒಂದು ಲೆಕ್ಕ ನೋಡಿ.

ಅಗ್ಗದ ಜೈರೊದಲ್ಲಿ ಸೆಕೆಂಡಿಗೆ 0.1 ಡಿಗ್ರಿ ಬಯಾಸ್ ಉಳಿದಿದೆ ಅನ್ನಿ. ಒಂದು ನಿಮಿಷದಲ್ಲಿ ಫಿಲ್ಟರ್ ತಾನು 6 ಡಿಗ್ರಿ ವಾಲಿದ್ದೇನೆ ಅಂದುಕೊಳ್ಳುತ್ತದೆ. ಆಗ ಗುರುತ್ವದ ಒಂದು ಪಾಲು ಮುಂದಕ್ಕೆ ತಳ್ಳಿದ ಹಾಗೆ ಕಾಣುತ್ತದೆ. ಅದನ್ನು ಎರಡು ಸಲ ಕೂಡಿದರೆ ಒಂದು ನಿಮಿಷಕ್ಕೆ ಸುಮಾರು 600 ಮೀಟರ್ ತಪ್ಪು! ಅದೇ ಜೈರೊವನ್ನು ಚಕ್ರದ ವೇಗದ ಜೊತೆ ಬಳಸಿದರೆ, ಗಂಟೆಗೆ 36 ಕಿಲೋಮೀಟರ್‌ನಲ್ಲಿ ಅದೇ ಒಂದು ನಿಮಿಷಕ್ಕೆ ತಪ್ಪು 31 ಮೀಟರ್. ಬಯಾಸನ್ನು ಮೊದಲೇ ಕಲಿತು 0.01ಕ್ಕೆ ಇಳಿಸಿದ್ದರೆ ಬರೀ 3 ಮೀಟರ್. ಒಂದು ಲೇನ್‌ನಷ್ಟೇ ಅಗಲ.

ಆದ್ದರಿಂದ ಐದೇ ಸಂಖ್ಯೆ ಸಾಕು: ಪೂರ್ವಕ್ಕೆ ಎಷ್ಟು ಮೀಟರ್, ಉತ್ತರಕ್ಕೆ ಎಷ್ಟು ಮೀಟರ್, ದಿಕ್ಕು, ಜೈರೊ ಬಯಾಸ್, ಚಕ್ರದ ಗುಣಾಂಕ. ಅಕ್ಷಾಂಶ-ರೇಖಾಂಶದಲ್ಲಿ ಲೆಕ್ಕ ಮಾಡಬೇಡಿ, ಮೀಟರ್‌ಗೆ ತಿರುಗಿಸಿ. ಬೆಂಗಳೂರಿನಲ್ಲಿ ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶ ಸುಮಾರು 108.5. ಪ್ರತಿ ಓದಿಗೂ ಹೀಗೆ ಮುಂದೆ ನಡೆಸಿ:

ದಿಕ್ಕು = ದಿಕ್ಕು + (ಜೈರೊ − ಬಯಾಸ್) × ಕಾಲ
ವೇಗ = ಒಬಿಡಿ ವೇಗ × ಗುಣಾಂಕ
ಪೂರ್ವ = ಪೂರ್ವ + ವೇಗ × ಸೈನ್(ದಿಕ್ಕು) × ಕಾಲ
ಉತ್ತರ = ಉತ್ತರ + ವೇಗ × ಕೊಸೈನ್(ದಿಕ್ಕು) × ಕಾಲ

ಚಕ್ರಕ್ಕೆ ಗುಣಾಂಕ ಯಾಕೆ? ಟೈರ್ ಸವೆದಾಗ ಸುತ್ತಳತೆ ಕಡಿಮೆಯಾಗುತ್ತದೆ. ಹೊಸ ಟೈರಿಗೂ ಸವೆದ ಟೈರಿಗೂ ಎರಡು ಶೇಕಡ ವ್ಯತ್ಯಾಸ ಬರಬಹುದು, ಅಂದರೆ ಕಿಲೋಮೀಟರ್‌ಗೆ 20 ಮೀಟರ್. ಗಾಳಿ ಕಡಿಮೆಯಾದರೂ ಬದಲಾಗುತ್ತದೆ. ಒಬಿಡಿ ವೇಗ ಪೂರ್ಣ ಸಂಖ್ಯೆಯಲ್ಲಿ ಮಾತ್ರ ಬರುತ್ತದೆ ಎಂಬುದನ್ನೂ ಮರೆಯಬೇಡಿ. 7 ಅಂತ ಬರುತ್ತದೆ, 7.6 ಅಂತ ಬರುವುದಿಲ್ಲ. ರಿವರ್ಸ್ ಹೋದರೂ 7 ಅಂತಲೇ ಬರುತ್ತದೆ. ಹಿಂದೆ ಹೋಗುತ್ತಿದ್ದೇವೆ ಅಂತ ತಿಳಿಯಲು ರಿವರ್ಸ್ ದೀಪದ ಸುದ್ದಿ ಬೇರೆ ಬೇಕು, ಅಥವಾ ಹೊರಡುವಾಗ ಆಕ್ಸೆಲೆರೋಮೀಟರ್ ಯಾವ ಕಡೆ ತಳ್ಳಿತು ನೋಡಬೇಕು.

ಎರಡು ಪುಟ್ಟ ಗುಂಡಿಗಳು ಇಲ್ಲಿವೆ, ಬಹಳ ಜನ ಬೀಳುತ್ತಾರೆ. ನಕಾಶೆಯ ದಿಕ್ಕು ಬಲಕ್ಕೆ ತಿರುಗಿದರೆ ಹೆಚ್ಚುತ್ತದೆ. ಜೈರೊ ಸಾಮಾನ್ಯವಾಗಿ ಎಡಕ್ಕೆ ತಿರುಗಿದರೆ ಹೆಚ್ಚುತ್ತದೆ. ಒಂದು ಮೈನಸ್ ಹಾಕಿ. ಮತ್ತೆ, 359 ಡಿಗ್ರಿಗೂ 1 ಡಿಗ್ರಿಗೂ ವ್ಯತ್ಯಾಸ 2 ಡಿಗ್ರಿ, 358 ಅಲ್ಲ. ಕಂಪ್ಯೂಟರ್‌ಗೆ ಇದನ್ನು ಹೇಳಿಕೊಡದಿದ್ದರೆ ಉತ್ತರಕ್ಕೆ ತಿರುಗಿದ ಕೂಡಲೇ ಕಾರು ಬುಗುರಿಯಾಗುತ್ತದೆ.

ಪ್ರತಿ ಹೆಜ್ಜೆಯಲ್ಲೂ ಅನುಮಾನವನ್ನೂ, ಅಂದರೆ ತಾನು ಎಷ್ಟು ತಪ್ಪಿರಬಹುದು ಎಂಬ ಫಿಲ್ಟರ್ ಲೆಕ್ಕವನ್ನೂ ಬೆಳೆಸುತ್ತಾ ಹೋಗಬೇಕು. ದಿಕ್ಕಿನ ಅನುಮಾನ ಎಷ್ಟು ಬೆಳೆಯಬೇಕು, ಬಯಾಸ್‌ನ ಅನುಮಾನ ಎಷ್ಟು ಅಂತ ಹೆಜ್ಜೆ 3ರ ಗ್ರಾಫ್ ಹೇಳುತ್ತದೆ. ಸುಮ್ನೆ ಊಹೆಯ ಸಂಖ್ಯೆ ಹಾಕಬೇಡಿ.

ಬೈಕ್ ಓಡಿಸುವವರಿಗೆ ಮಾತ್ರ ಈ ಸಣ್ಣ ಫಿಲ್ಟರ್ ಆಗುವುದಿಲ್ಲ. ಬೈಕ್ ತಿರುವಿನಲ್ಲಿ 30 ಡಿಗ್ರಿ ವಾಲಿದರೆ ಜೈರೊ ತಿರುವಿನ 87 ಶೇಕಡ ಮಾತ್ರ ನೋಡುತ್ತದೆ. ಅವರಿಗೆ 15ರದ್ದೇ ಬೇಕು.

ಹೆಜ್ಜೆ 6: ಜಿಪಿಎಸ್ಸನ್ನು ಎಷ್ಟು ನಂಬಬೇಕು

ಈಗ ಕಾಲ್ಮನ್ ಫಿಲ್ಟರ್. ರುಡಾಲ್ಫ್ ಕಾಲ್ಮನ್ ಇದನ್ನು ಪ್ರಕಟಿಸಿದ್ದು 1960ರಲ್ಲಿ. ನಾಸಾದ ಏಮ್ಸ್ ಕೇಂದ್ರದ ಸ್ಟ್ಯಾನ್ಲಿ ಶ್ಮಿಟ್ ಇದನ್ನು ಅಪೊಲೊ ಯಾನಕ್ಕೆ ಹೊಂದಿಸಿದರು. ಹೆಸರು ಕೇಳಿ ಹೆದರಬೇಡಿ, ಒಳಗಿರುವುದು ಪಂಚಾಯಿತಿ ಲೆಕ್ಕ.

ನಿಮ್ಮ ಫಿಲ್ಟರ್ "ನಾನು 100 ಮೀಟರ್ ಹತ್ತಿರ ಇದ್ದೇನೆ, 3 ಮೀಟರ್ ಆಚೀಚೆ" ಅನ್ನುತ್ತದೆ. ಜಿಪಿಎಸ್ "110, ಆದರೆ 6 ಮೀಟರ್ ಆಚೀಚೆ" ಅನ್ನುತ್ತದೆ. ಇಬ್ಬರ ಅನುಮಾನದ ವರ್ಗ ತೆಗೆಯಿರಿ: 9 ಮತ್ತು 36. ಜಿಪಿಎಸ್‌ಗೆ ಸಿಗುವ ಪಾಲು 9ನ್ನು 45ರಿಂದ ಭಾಗಿಸಿದಷ್ಟು, ಅಂದರೆ 0.2. ವ್ಯತ್ಯಾಸ 10 ಮೀಟರ್, ಅದರಲ್ಲಿ 0.2 ಪಾಲು 2 ಮೀಟರ್. ಹೊಸ ಜಾಗ 102. ಅನುಮಾನ 3ರಿಂದ 2.7ಕ್ಕೆ ಇಳಿಯಿತು. ಅಷ್ಟೇ. ಐದು ಸಂಖ್ಯೆಗೆ ಇದನ್ನೇ ಮ್ಯಾಟ್ರಿಕ್ಸ್‌ನಲ್ಲಿ ಬರೆಯುತ್ತಾರೆ.

ಬಯಾಸ್ ಕಲಿಯುವುದೂ ಇಲ್ಲೇ. ಜೈರೊ ಹೇಳಿದ ದಿಕ್ಕಿಗೂ ಜಿಪಿಎಸ್ ವೇಗದ ದಿಕ್ಕಿಗೂ ವ್ಯತ್ಯಾಸ ಒಂದೇ ಕಡೆಗೆ ಬೆಳೆಯುತ್ತಾ ಹೋದರೆ, ಫಿಲ್ಟರ್ ಅದನ್ನು ಬಯಾಸ್ ಖಾತೆಗೆ ಹಾಕುತ್ತದೆ. ದೂರ ಯಾವಾಗಲೂ ಒಂದೇ ಶೇಕಡ ಕಡಿಮೆ ಬಂದರೆ ಗುಣಾಂಕದ ಖಾತೆಗೆ. ಆದ್ದರಿಂದ ಜಾಗವನ್ನಷ್ಟೇ ಕೊಡಬೇಡಿ, ಜಿಪಿಎಸ್ ವೇಗವನ್ನೂ ಕೊಡಿ. ಅದು ಡಾಪ್ಲರ್‌ನಿಂದ, ಅಂದರೆ ಓಟದಿಂದಾಗಿ ಸಿಗ್ನಲ್ ಕಂಪನಾಂಕ ಬದಲಾಗುವುದರಿಂದ ಬರುತ್ತದೆ, ಜಾಗಕ್ಕಿಂತ ಎಷ್ಟೋ ಚೊಕ್ಕ. ಬಯಲಿನಲ್ಲಿ ಸೆಕೆಂಡಿಗೆ 10 ಸೆಂಟಿಮೀಟರ್‌ನೊಳಗೆ ಇರುತ್ತದೆ. ಗಂಟೆಗೆ 36 ಕಿಲೋಮೀಟರ್‌ನಲ್ಲಿ ಅದು ಸುಮಾರು ಅರ್ಧ ಡಿಗ್ರಿ ದಿಕ್ಕು. ಆದರೆ ಗಾಡಿ ತೆವಳುವಾಗ ಈ ದಿಕ್ಕಿಗೆ ಅರ್ಥವಿಲ್ಲ. 15 ಕಿಲೋಮೀಟರ್ ವೇಗಕ್ಕಿಂತ ಕೆಳಗೆ ನಾನು ಅದನ್ನು ಕೊಡುವುದೇ ಇಲ್ಲ.

ಇನ್ನು ಸುಳ್ಳು ಹೇಳುವ ಜಿಪಿಎಸ್ಸನ್ನು ಹಿಡಿಯುವುದು. ಮೇಲಿನ ಉದಾಹರಣೆಯಲ್ಲಿ 45ರ ವರ್ಗಮೂಲ 6.7. ಅದರ ಮೂರು ಪಟ್ಟು 20 ಮೀಟರ್. ಜಿಪಿಎಸ್ 40 ಮೀಟರ್ ದೂರ ಹೇಳಿದರೆ ಬಾಗಿಲಲ್ಲೇ ತಡೆಯಿರಿ. ಇದು ಎಲ್ಲರೂ ಮಾಡುತ್ತಾರೆ. ಮುಂದಿನದ್ದು ಹಲವರು ಮರೆಯುತ್ತಾರೆ.

ನನ್ನ ಮೊದಲ ಪೆಟ್ಟಿಗೆ ಒಂದು ದಿನ ಫ್ಲೈಓವರ್ ಕೆಳಗೆ ಸ್ವಲ್ಪ ದಾರಿ ತಪ್ಪಿತು. ಹೊರಗೆ ಬಂದ ಮೇಲೆ ಜಿಪಿಎಸ್ ಸರಿಯಾದ ಜಾಗ ಹೇಳಿತು. ಫಿಲ್ಟರ್ "ಇದು ತುಂಬಾ ದೂರ, ಸುಳ್ಳು" ಅಂತ ತಳ್ಳಿತು. ಮತ್ತೆ ಹೇಳಿತು, ಮತ್ತೆ ತಳ್ಳಿತು. ಹೊರ ವರ್ತುಲ ರಸ್ತೆಯಲ್ಲಿ ಹೋಗುತ್ತಿದ್ದ ನಾವು ಪರದೆಯ ಮೇಲೆ ಅಗರ ಕೆರೆಯ ನಡುವೆ ಹಾಯಾಗಿ ಸಾಗುತ್ತಿದ್ದೆವು. ಜೊತೆಗಿದ್ದ ಗೆಳೆಯ, "ದೋಣಿಗೂ ಆಗುತ್ತೆ ಕಣೋ ಇದು" ಅಂದ. ಈಗ ನನ್ನ ನಿಯಮ ಹೀಗಿದೆ: ಐದು ಸೆಕೆಂಡ್ ಸತತವಾಗಿ ತಳ್ಳಿದರೆ, ತಳ್ಳಿಸಿಕೊಂಡ ಜಿಪಿಎಸ್ ಜಾಗಗಳು ತಮ್ಮತಮ್ಮಲ್ಲಿ ಚಕ್ರದ ವೇಗಕ್ಕೆ ಹೊಂದುತ್ತವೆಯೇ ನೋಡು. ಹೊಂದಿದರೆ ತಪ್ಪು ನಿನ್ನದೇ, ಜಾಗದ ಅನುಮಾನವನ್ನು ದೊಡ್ಡದು ಮಾಡಿ ಬಾಗಿಲು ತೆರೆ.

ಇನ್ನೊಂದು ಮೋಸ ರಿಸೀವರ್‌ನೊಳಗೇ ಇದೆ. ಸುರಂಗಕ್ಕೆ ಹೊಕ್ಕ ಮೇಲೂ ಕೆಲವು ಸೆಕೆಂಡ್ ಅದು "ಗೊತ್ತಿಲ್ಲ" ಅನ್ನುವುದಿಲ್ಲ. ಹಿಂದಿನ ವೇಗದಲ್ಲೇ ನೇರ ಹೋಗುತ್ತಿದ್ದಾರೆ ಅಂತ ಊಹಿಸಿ ಕೊಡುತ್ತದೆ. ಅಲ್ಲಿ ತಿರುವಿದ್ದರೆ ಕಥೆ ಮುಗಿಯಿತು. ಎಷ್ಟು ಉಪಗ್ರಹ ಅಂತ ಮಾತ್ರ ನೋಡಬೇಡಿ, ರಿಸೀವರ್ ತಾನೇ ಕೊಡುವ ಮೀಟರ್ ಲೆಕ್ಕದ ಅಂದಾಜು ತಪ್ಪನ್ನು ಓದಿ. ಅದು ಏರತೊಡಗಿದರೆ ನಂಬಿಕೆ ಇಳಿಸಿ. ಮತ್ತೆ, ಸೆಕೆಂಡಿಗೆ ಹತ್ತು ಜಾಗ ಬರುತ್ತಿದ್ದರೆ ಅವು ಹತ್ತು ಸಾಕ್ಷಿಗಳಲ್ಲ. ಗೋಡೆಗೆ ಬಡಿದು ಬಂದ ತಪ್ಪು ಹತ್ತರಲ್ಲೂ ಒಂದೇ ಇರುತ್ತದೆ. ಒಬ್ಬನೇ ಹತ್ತು ಸಲ ಹೇಳಿದ್ದನ್ನು ಹತ್ತು ಜನ ಹೇಳಿದರು ಅಂದುಕೊಂಡು ಫಿಲ್ಟರ್ ಅತಿ ವಿಶ್ವಾಸಕ್ಕೆ ಬೀಳುತ್ತದೆ. ನಾನು ಸೆಕೆಂಡಿಗೆ ಒಂದೇ ತೆಗೆದುಕೊಳ್ಳುತ್ತೇನೆ.

ಹೆಜ್ಜೆ 7: ಕೆಂಪು ದೀಪದ ಲಾಭ

ಬೆಂಗಳೂರಿನ ಸಿಗ್ನಲ್‌ಗಳನ್ನು ಎಲ್ಲರೂ ಬೈಯುತ್ತಾರೆ. ಈ ಪೆಟ್ಟಿಗೆಗೆ ಮಾತ್ರ ಅವು ಹಬ್ಬ. ಗಾಡಿ ನಿಂತಿದೆ ಅಂದರೆ ಜೈರೊ ಹೇಳುತ್ತಿರುವುದೆಲ್ಲ ಬರೀ ಬಯಾಸ್. ಸರಾಸರಿ ತೆಗೆದು ಫಿಲ್ಟರ್‌ಗೆ ಕೊಡಿ. ಫ್ಲೈಓವರ್ ಕೆಳಗೆ, ಜಿಪಿಎಸ್ ಸತ್ತಾಗಲೂ ಇದು ನಡೆಯುತ್ತದೆ.

ಎಚ್ಚರ ಒಂದೇ. ಒಬಿಡಿ ಸೊನ್ನೆ ಅಂದ ಮಾತ್ರಕ್ಕೆ ಗಾಡಿ ನಿಂತಿಲ್ಲ, ಇಂಚಿಂಚು ತೆವಳುತ್ತಿರಬಹುದು. ಎರಡು ಸೆಕೆಂಡ್ ವೇಗ ಸೊನ್ನೆ ಇದ್ದು, ಜೈರೊ ಮತ್ತು ಆಕ್ಸೆಲೆರೋಮೀಟರ್ ಎರಡೂ ಅಲುಗದಿದ್ದರೆ ಮಾತ್ರ ನಿಂತಿದೆ ಅನ್ನಿ. "ಅಲುಗದಿದ್ದರೆ" ಎಂದರೆ ಎಷ್ಟು? ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ, ನಿಂತಲ್ಲೇ ಐದು ನಿಮಿಷ ದಾಖಲಿಸಿ. ಅದಕ್ಕಿಂತ ಸ್ವಲ್ಪ ಮೇಲೆ ಗೆರೆ ಎಳೆಯಿರಿ.

ಹೆಜ್ಜೆ 8: ಮೇಲಾ, ಕೆಳಗಾ

ಆ ಕ್ಯಾಬ್ ಡ್ರೈವರ್ ಪ್ರಶ್ನೆಗೆ ಉತ್ತರ ಗಾಳಿಯ ಒತ್ತಡದಲ್ಲಿದೆ. 8-10 ಮೀಟರ್ ಏರಿದರೆ ಒತ್ತಡ ಸುಮಾರು 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಅಗ್ಗದ ಬಿಎಂಪಿ280 ಚಿಪ್ ಒಂದು ಮೀಟರ್ ಏರಿಳಿತವನ್ನೂ ಗುರುತಿಸುತ್ತದೆ. ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಅದನ್ನು ಕೇಳಬೇಡಿ, ಹವಾಮಾನ ಬದಲಾದರೆ ಆ ಉತ್ತರವೂ ಬದಲಾಗುತ್ತದೆ. ಕಳೆದ ಅರ್ಧ ನಿಮಿಷದಲ್ಲಿ ಎಷ್ಟು ಏರಿದೆವು ಅಂತ ಮಾತ್ರ ಕೇಳಿ. ಓಡುವಾಗ ಕಿಟಕಿ ಇಳಿಸಿದರೂ ಒತ್ತಡ ಜಿಗಿಯುತ್ತದೆ, ಆದರೆ ಅದು ಒಮ್ಮೆಲೇ ಆಗುತ್ತದೆ. ರ‍್ಯಾಂಪ್ ಏರಲು ಹತ್ತಾರು ಸೆಕೆಂಡ್ ಬೇಕು.

ಸಾಕ್ಷಿಗೆ ಆಕ್ಸೆಲೆರೋಮೀಟರ್ ಇದೆ. ನೂರಕ್ಕೆ ನಾಲ್ಕರ ಏರಿನಲ್ಲಿ ಅದು ಸುಮಾರು 0.4 ಮೀಟರ್ ಪ್ರತಿ ಸೆಕೆಂಡ್ ವರ್ಗದಷ್ಟು ಹೆಚ್ಚುವರಿ ತಳ್ಳು ತೋರಿಸುತ್ತದೆ, ಚಕ್ರದ ವೇಗ ಮಾತ್ರ ಅಷ್ಟು ಏರಿರುವುದಿಲ್ಲ. ಐದು ಸೆಕೆಂಡ್ ಸರಾಸರಿ ನೋಡಿ. ಎರಡೂ ಹೌದು ಅಂದರೆ ನಾವು ಮೇಲೆ.

ಹೆಜ್ಜೆ 9: ಬೇಕೆಂದೇ ಕತ್ತಲು ಮಾಡಿ ನೋಡಿ

ಪರೀಕ್ಷೆಗೆ ಸುರಂಗ ಹುಡುಕಿಕೊಂಡು ಹೋಗಬೇಕಿಲ್ಲ. ಸಿಗ್ನಲ್ ಅಡಗಿಸುವ ಜ್ಯಾಮರ್ ಅಂತೂ ಮುಟ್ಟಬೇಡಿ, ಅದು ಕಾನೂನಿಗೆ ವಿರುದ್ಧ. ಬಯಲಿನ ರಸ್ತೆಯ ಒಂದು ಗಂಟೆಯ ದಾಖಲೆ ತೆಗೆದುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಓಡಿಸಿ, ನಡುವೆ 60 ಸೆಕೆಂಡ್ ಜಿಪಿಎಸ್ ಕೊಡಬೇಡಿ. ಕೊನೆಯಲ್ಲಿ ಫಿಲ್ಟರ್ ಎಲ್ಲಿದೆ, ನಿಜವಾಗಿ ಎಲ್ಲಿರಬೇಕಿತ್ತು? ಇಪ್ಪತ್ತು ಬೇರೆ ಬೇರೆ ಜಾಗದಲ್ಲಿ ಹೀಗೆ ಕತ್ತರಿಸಿ. ನೇರ ರಸ್ತೆ, ತಿರುವು, ಸಿಗ್ನಲ್ ಎಲ್ಲ ಇರಲಿ.

ತಪ್ಪನ್ನು ಎರಡಾಗಿ ಒಡೆಯಿರಿ. ದಾರಿಯ ಉದ್ದಕ್ಕೆ ತಪ್ಪಿದ್ದರೆ ಚಕ್ರದ ಗುಣಾಂಕ ಸರಿಯಿಲ್ಲ. ಅಡ್ಡಕ್ಕೆ ತಪ್ಪಿದ್ದರೆ ಜೈರೊ ಬಯಾಸ್ ಅಥವಾ ಪೆಟ್ಟಿಗೆಯ ವಾಲಿಕೆ. ಎಡತಿರುವಿನಲ್ಲಿ ಒಂದು ಕಡೆ, ಬಲತಿರುವಿನಲ್ಲಿ ಇನ್ನೊಂದು ಕಡೆ ತಪ್ಪಿದರೆ ಮೇಜಿನ ಮೇಲೆ ಹತ್ತು ಸುತ್ತು ಮತ್ತೆ ತಿರುಗಿಸಿ. 600 ಮೀಟರ್ ಓಟಕ್ಕೆ 12 ಮೀಟರ್, ಅಂದರೆ 2 ಶೇಕಡಕ್ಕಿಂತ ಕೆಳಗೆ ಬಂದರೆ ಇಷ್ಟು ಅಗ್ಗದ ಸಾಮಾನಿಗೆ ನಾನಾದರೆ ಖುಷಿಪಡುತ್ತೇನೆ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಫಿಲ್ಟರ್ "5 ಮೀಟರ್ ಆಚೀಚೆ" ಅಂದಾಗ ನಿಜವಾಗಿಯೂ ಅಷ್ಟರೊಳಗೇ ಇತ್ತೇ? ಉದ್ದಕ್ಕೆ ಬೇರೆ, ಅಡ್ಡಕ್ಕೆ ಬೇರೆ ಎಣಿಸಿ. ಇಪ್ಪತ್ತರಲ್ಲಿ ಹದಿಮೂರು-ಹದಿನಾಲ್ಕು ಸಲ ಒಳಗಿದ್ದರೆ ಸರಿ. ಐದೇ ಸಲ ಒಳಗಿದ್ದರೆ ಅದು ಜಂಭದ ಫಿಲ್ಟರ್, ಅನುಮಾನ ಬೆಳೆಯುವ ವೇಗ ಹೆಚ್ಚಿಸಿ. ಇಪ್ಪತ್ತೂ ಸಲ ಒಳಗಿದ್ದರೆ ವಿಪರೀತ ಅಂಜುಬುರುಕ, ಸ್ವಲ್ಪ ಇಳಿಸಿ. ಪರದೆಯ ಮೇಲೂ ಚುಕ್ಕಿಯ ಸುತ್ತ ಈ ಅನುಮಾನದ ವೃತ್ತ ತೋರಿಸಿ. ಡ್ರೈವರ್‌ಗೆ ಅದು ತುಂಬಾ ಕೆಲಸಕ್ಕೆ ಬರುತ್ತದೆ.

ಗಾಡಿ ಆಫ್ ಮಾಡುವ ಮುಂಚೆ

ಮಾಲ್‌ನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದಿರಿ. ವಾಪಸ್ ಬಂದು ಚಾಲೂ ಮಾಡಿದಾಗ ಅಲ್ಲಿ ಜಿಪಿಎಸ್ ಇಲ್ಲ. ಪೆಟ್ಟಿಗೆ ಸೊನ್ನೆಯಿಂದ ಶುರು ಮಾಡಿದರೆ ಹೊರಗೆ ಬರುವವರೆಗೂ ಕುರುಡು. ಆದ್ದರಿಂದ ಆಫ್ ಆಗುವಾಗ ಜಾಗ, ದಿಕ್ಕು, ಬಯಾಸ್, ಗುಣಾಂಕ, ಉಷ್ಣತೆ ಎಲ್ಲವನ್ನೂ ಫೈಲ್‌ಗೆ ಬರೆದಿಡಿ. ನಿಂತ ಕಾರು ತಿರುಗುವುದಿಲ್ಲ, ಹಾಗಾಗಿ ದಿಕ್ಕೂ ಮತ್ತೆ ಕೆಲಸಕ್ಕೆ ಬರುತ್ತದೆ.

ಅಥವಾ ನಾನು ಹಾಗಂದುಕೊಂಡಿದ್ದೆ. ಒಂದು ಸಲ ರಸ್ತೆ ಬದಿ ನಿಲ್ಲಿಸಿದ್ದ ಕಾರನ್ನು ಟೋ ಮಾಡಿಕೊಂಡು ಹೋದರು. ದಂಡ ಕಟ್ಟಿ ಬಿಡಿಸಿಕೊಂಡು ಚಾಲೂ ಮಾಡಿದರೆ ಪೆಟ್ಟಿಗೆ ಇನ್ನೂ ಹಳೆಯ ರಸ್ತೆಯಲ್ಲೇ, ಹಳೆಯ ದಿಕ್ಕಿನಲ್ಲೇ ಹೊರಟಿತ್ತು. ಈಗ ಒಂದು ಸಾಲು ಸೇರಿಸಿದ್ದೇನೆ: ಚಾಲೂ ಆದ ಮೇಲೆ ಬರುವ ಮೊದಲ ಒಳ್ಳೆಯ ಜಿಪಿಎಸ್ ಜಾಗ, ಉಳಿಸಿದ ಜಾಗದಿಂದ ಅಲ್ಲಿಯವರೆಗೆ ಚಕ್ರ ಉರುಳಿದ್ದಕ್ಕಿಂತ 50 ಮೀಟರ್ ಜಾಸ್ತಿ ದೂರ ಇದ್ದರೆ, ಜಾಗ ಮತ್ತು ದಿಕ್ಕು ಎರಡನ್ನೂ ಬಿಸಾಡು. ಬಯಾಸ್ ಮತ್ತು ಗುಣಾಂಕ ಇಟ್ಟುಕೋ, ಅವನ್ನು ಯಾರೂ ಟೋ ಮಾಡಿಲ್ಲ.